ಅಂಗೈಯಗಲದ ಹಲಗೆ, ಅವ್ವನ ಕರಣೆ

ಕಲ್ಲಿಗೂ ಕಿವಿಯಿದ್ದ, ಬಣ್ಣಕ್ಕೂ ಬಾಯಿದ್ದ ಕಾಲದಲ್ಲಿ ಗಾರೆಗಿರಿ ಅಂತೊಂದು ರಾಜ್ಯವಿತ್ತು. ಅಲ್ಲಿಗೆ ವರ್ಣಮಲ್ಲ ಎಂಬ ಮಾಂತ್ರಿಕ ಬಂದ. ಅವನ ಕೈಯಲ್ಲೊಂದು ಕುಂಚ. ಅದರಿಂದ ಯಾರ ಚಿತ್ರ ಬರೆದರೂ ಅವರು ಗೋಡೆಯೊಳಗೆ ಸೇರಿ ಚಿತ್ರವಾಗಿಯೇ ಉಳಿಯುತ್ತಿದ್ದರು. ರಾಜ್ಯದ ಮಿಕ್ಕ ಕುಂಚಗಳೋ, ಯಾರು ಹಿಡಿದರೂ ಕೈಯಿಂದ ಜಾರಿ ಅವನ ಕಾಲ ಬಳಿಗೆ ಓಡುತ್ತಿದ್ದವು. ನಾಚಿಕೆಗೆಟ್ಟ ಕುಂಚಗಳು!

ಅರಮನೆಯ ದೊಡ್ಡ ಗೋಡೆಗೆ ಹೊಸ ಗಾರೆ ಬೇಕೆಂದು ಅವನು ಮಾಳವ್ವನನ್ನು ಕರೆಸಿದ. ಗಾರೆ ಕೆಲಸದಲ್ಲಿ ಅವಳನ್ನು ಮೀರಿಸಿದವರಿರಲಿಲ್ಲ. "ಹಳೇ ಗಾರೆ ಮೇಲೆ ಹೊಸದು ಹಚ್ಚೋ ಮುಂಚೆ ಕಚ್ಚು ಹೊಡೆದು ಗೋಡೇನ ಒರಟು ಮಾಡ್ಬೇಕು ಕಣೇ. ಇಲ್ಲದಿದ್ರೆ ಹೊಸದು ಹಿಡ್ಕೊಳ್ಳಲ್ಲ" ಎಂದು ಮಗಳು ಸಣ್ಣೀರಿಗೆ ದಿನಾ ಹೇಳುತ್ತಿದ್ದಳು. ದನದ ಕೊಟ್ಟಿಗೆಯ ಗೋಡೆಗೂ ಕಚ್ಚು ಹೊಡೆಯದೆ ಬಿಟ್ಟವಳಲ್ಲ ಅವಳು.

ಗೋಡೆ ಮುಗಿಯಿತು. ವರ್ಣಮಲ್ಲ ಮೊದಲು ರಾಜನನ್ನು ಬರೆದ, ಆಮೇಲೆ ಮಂತ್ರಿಯನ್ನು ಬರೆದ. "ಎಲ್ಲಯ್ಯಾ ನಮ್ಮ ದೊರೆ?" ಎಂದು ಮಾಳವ್ವ ಕೇಳಿದಳು. ಕೇಳಿದ್ದೇ ತಪ್ಪಾಯಿತು, ಅವಳನ್ನೂ ಬರೆದ. ಊಟದ ಗಂಟು ತಂದ ಸಣ್ಣೀರಿಗೆ ನೆಲದ ಮೇಲೆ ಸಿಕ್ಕಿದ್ದು ಗಾರೆ ಬಳಿಯುವ ಕಬ್ಬಿಣದ ಕರಣೆ ಮಾತ್ರ. ಅದರ ಹಿಡಿ ಇನ್ನೂ ಬೆಚ್ಚಗಿತ್ತು.

"ಬರುವ ಹುಣ್ಣಿಮೆಗೆ ಈ ಗೋಡೆಗೆ ಮೆರುಗೆಣ್ಣೆ ಹಚ್ಚುತ್ತೇನೆ. ಆಮೇಲೆ ಬ್ರಹ್ಮ ಬಂದರೂ ನಿನ್ನವ್ವ ಹೊರಗೆ ಬರಲ್ಲ" ಎಂದು ಮಾಂತ್ರಿಕ ನಕ್ಕ.

"ಬರ್ತಾಳೆ. ನಾನೇ ಕರ್ಕೊಂಡು ಹೋಗ್ತೀನಿ."

ಸಣ್ಣೀರಿ ಕರಣೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಇವಳನ್ನು ಬರೆದು ಬಣ್ಣ ಯಾಕೆ ದಂಡ ಮಾಡಲಿ ಎಂದು ಅವನು ಅವಳನ್ನು ಹೊರಗೆ ತಳ್ಳಿಸಿದ. ಮೂರ್ಖ!

ಸುಣ್ಣದ ಗೂಡಿನ ಹತ್ತಿರ ಕೂತು ಅತ್ತವಳ ಮುಂದೆ ಬಾಲವಿಲ್ಲದ ಅಳಿಲೊಂದು ಬಂದು ನಿಂತಿತು. "ಅತ್ತಿದ್ದು ಸಾಕು. ಅವನ ಕುಂಚದಲ್ಲಿರೋದು ನನ್ನ ಬಾಲದ ಕೂದಲು. ನಂಗೂ ಅವನ ಮೇಲೆ ಸಿಟ್ಟಿದೆ. ಏಳು, ಚಿತ್ರ ಕಲಿ."

"ಕುಂಚವೇ ಇಲ್ಲವಲ್ಲ, ಅಳಿಲಣ್ಣ?"

"ಕುಂಚ ಅವನದು. ಕರಣೆ ಯಾರದು? ಆ ಕಬ್ಬಿಣದಲ್ಲಿ ನಿನ್ನವ್ವನ ಬೆವರಿದೆ. ಅದರಿಂದ ಬಳಿದದ್ದು ನಿಜವಾಗುತ್ತೆ. ಕೈ ತಪ್ಪಿದರೆ ಪುಡಿಯಾಗುತ್ತೆ, ಅಷ್ಟೇ."

ಸಣ್ಣೀರಿ ಕರಣೆಯನ್ನು ಕಮ್ಮಾರನಿಂದ ಬಡಿಸಿದಳು. ಅದು ವೀಳ್ಯದೆಲೆಯಷ್ಟು ಚಿಕ್ಕದಾಗಿ, ಬೆರಳೊತ್ತಿದರೆ ಬಾಗುವಷ್ಟು ತೆಳ್ಳಗಾಯಿತು. ಅಳಿಲು ಅಂಗೈಯಗಲದ ಹಲಗೆಯೊಂದನ್ನು ಮುಂದಿಟ್ಟಿತು.

"ಇಷ್ಟೇನಾ? ನಂಗೆ ಗೋಡೆ ಗೆಲ್ಲಬೇಕು!"

"ಅಂಗೈಯಗಲ ಬಾರದವಳಿಗೆ ಗೋಡೆಯಗಲ ಬಂದೀತೇ?"

ಮೊದಲ ಪಾಠ: ಬಣ್ಣ ದಪ್ಪಗೆ ತೆಗೆದುಕೊ, ಒಂದೇ ಎಳೆತಕ್ಕೆ ಬಳಿ, ಎರಡನೇ ಸಲ ಮುಟ್ಟಬೇಡ. ಸಣ್ಣೀರಿ ಮುಟ್ಟಿದಳು. ಬಣ್ಣ ಕೆಸರಾಯಿತು. "ಕೆರೆದು ಹಾಕು, ಇನ್ನೊಂದು" ಎಂದಿತು ಅಳಿಲು. ಎರಡನೇ ಪಾಠ: ಕರಣೆಯ ಅಂಚನ್ನು ಬಣ್ಣಕ್ಕೆ ಅದ್ದಿ, ನೆಟ್ಟಗೆ ಊರಿ, ಗೆರೆ ಮೂಡಿಸು. ಗೆರೆ ಸೊಟ್ಟಗಾಯಿತು. "ಕೆರೆದು ಹಾಕು, ಇನ್ನೊಂದು." ಮೂರನೇ ಪಾಠವೇ ಕೆರೆಯುವುದು: ಕರಣೆಯನ್ನು ಮಲಗಿಸಿ ಹಿಡಿ, ಬಣ್ಣ ಏಳಬೇಕು, ಹಲಗೆಗೆ ಗೀರು ಬೀಳಬಾರದು. ಬಿತ್ತು. ನೂರು ಸಲ ಬಿತ್ತು. ಅವಳು ಹಲಗೆ ಬಿಸಾಡಿದಳು, ಅಳಿಲನ್ನು ಬಾಯಿಗೆ ಬಂದಂತೆ ಬೈದಳು, ಮತ್ತೆ ತಾನೇ ಹೋಗಿ ಹಲಗೆ ಎತ್ತಿಕೊಂಡಳು. ಬಿಡುವ ಜಾತಿಯವಳಲ್ಲ, ಮಾಳವ್ವನ ಮಗಳು!

ಹುಣ್ಣಿಮೆಯ ಬೆಳಗ್ಗೆ ಅಳಿಲನ್ನು ಹೆಗಲ ಮೇಲೆ ಕೂರಿಸಿಕೊಂಡು ಹೊರಟಳು. ಅರಮನೆಯ ಸುತ್ತ ಈಗ ಮಾಂತ್ರಿಕನ ಕುದಿಯುವ ಕಂದಕ. ಮಣ್ಣಿನ ಬಣ್ಣ ತೆಗೆದು ಗಾಳಿಯಲ್ಲಿ ಒಂದೇ ಎಳೆತ ಎಳೆದಳು. ಸೇತುವೆಯಾಯಿತು. ಅಂಚು ಕೊಂಚ ಡೊಂಕಿತ್ತು, ಸರಿಮಾಡಲು ಕೈ ತುರಿಸಿತು. ಮುಟ್ಟಲಿಲ್ಲ, ದಾಟಿದಳು.

ಬಾಗಿಲಲ್ಲಿ ಮಾಂತ್ರಿಕ ಕಾವಲಿಟ್ಟಿದ್ದ ಬಣ್ಣದ ಹುಲಿ. "ನಿನ್ನ ಮೂಳೆ ಕಡಿಯುತ್ತೇನೆ" ಎಂದು ಗರ್ಜಿಸಿತು. "ಹಲ್ಲು ಜೋಪಾನ" ಎಂದ ಸಣ್ಣೀರಿ ಕರಣೆಯ ಅಂಚಿನಿಂದ ಏಳು ಗೆರೆ ಊರಿದಳು. ಏಳೂ ಕಬ್ಬಿಣದ ಸರಳಾದವು. ಹುಲಿ ಸರಳೊಳಗೆ, ಅವಳು ಬಾಗಿಲೊಳಗೆ.

ಗೋಡೆಯ ಮುಂದೆ ಮೆರುಗೆಣ್ಣೆಯ ಕೊಪ್ಪರಿಗೆ ಇಟ್ಟುಕೊಂಡು ವರ್ಣಮಲ್ಲ ನಿಂತಿದ್ದ. "ಬಾರೇ ಗಾರೆಯವಳೇ! ನನ್ನದಕ್ಕಿಂತ ಚೆಂದದ ಚಿತ್ರ ಬರೆ, ನಿನ್ನವ್ವನನ್ನು ಬಿಡುತ್ತೇನೆ."

"ನಿನ್ನ ಪಂದ್ಯ ನಿನಗೇ ಇರಲಿ. ನಾನು ಬರೆಯೋಕೆ ಬಂದಿಲ್ಲ, ಕೆರೆಯೋಕೆ ಬಂದಿದ್ದೀನಿ."

"ಕೆರೆ ನೋಡೋಣ! ಬಣ್ಣದ ಜೊತೆ ನಿನ್ನವ್ವನ ಚರ್ಮವೂ ಬರುತ್ತೆ."

ಸಣ್ಣೀರಿಯ ಕೈ ತಡೆಯಿತು. ಅವ್ವ ಗೋಡೆಯಿಂದ ರೆಪ್ಪೆ ಬಡಿಯದೆ ನೋಡುತ್ತಿದ್ದಳು. ಗೀರಿದರೆ ಅವ್ವನಿಗೆ ನೋವು. ಬಿಟ್ಟರೆ ಅವ್ವನೇ ಇಲ್ಲ. ಗಾರೆಯವರ ಅಭ್ಯಾಸ ಎಲ್ಲಿ ಹೋದೀತು? ಬೆರಳ ಗೆಣ್ಣಿನಿಂದ ಗೋಡೆ ತಟ್ಟಿದಳು. ಡಬ್. ಇನ್ನೊಂದು ಕಡೆ ತಟ್ಟಿದಳು. ಡಬ್. ಗೋಡೆಯುದ್ದಕ್ಕೂ ಟೊಳ್ಳು ಸದ್ದು! ಹೊಸ ಗಾರೆ ಗೋಡೆಯನ್ನು ಹಿಡಿದೇ ಇಲ್ಲ!

ಅವ್ವ ಕಚ್ಚು ಹೊಡೆದಿರಲಿಲ್ಲ. ಕೊಟ್ಟಿಗೆಗೂ ಕಚ್ಚು ಹೊಡೆಯುವ ಮಾಳವ್ವ, ಮಾಂತ್ರಿಕನನ್ನು ನಂಬದೆ, ಅವನ ಗೋಡೆಗೆ ಬೇಕೆಂದೇ ಹೊಡೆಯದೆ ಬಿಟ್ಟಿದ್ದಳು. ಸಣ್ಣೀರಿಗೆ ನಗುವೂ ಅಳುವೂ ಒಟ್ಟಿಗೇ ಬಂದವು.

ಕರಣೆಯನ್ನು ಮಲಗಿಸಿ ಗಾರೆಯ ಅಂಚಿನಡಿ ತೂರಿಸಿದಳು. ಬಣ್ಣದ ತಂಟೆಗೇ ಹೋಗಲಿಲ್ಲ. ಹಾಲಿನ ಕೆನೆ ಎದ್ದ ಹಾಗೆ ತೆಳುಗಾರೆ ಚಿತ್ರದ ಸಮೇತ ಏಳತೊಡಗಿತು. ಎದ್ದಲ್ಲೆಲ್ಲ ಜನ ಕಣ್ಣುಜ್ಜಿಕೊಂಡು ಹೊರಗೆ ಬಂದರು. ಮಂತ್ರಿ ಬಂದ, ರಾಜ ಬಂದ. ಯಾರ ಮೈಮೇಲೂ ಗೀರಿರಲಿಲ್ಲ.

ವರ್ಣಮಲ್ಲ ಅವಳನ್ನೂ ಬರೆದುಬಿಡಲು ಕುಂಚ ಎತ್ತಿದ. ಅಳಿಲು ಹಾರಿ ತನ್ನ ಬಾಲದ ಕೂದಲನ್ನು ಕಿತ್ತುಕೊಂಡಿತು. ಬರಿ ಕಡ್ಡಿ ಹಿಡಿದು ನಿಂತವನ ಮೇಲೆ ಎದ್ದ ಗಾರೆಯೆಲ್ಲ ದಬಾರನೆ ಬಿತ್ತು. ಚಿತ್ರದಲ್ಲಿ ಈಗ ಅವನೊಬ್ಬನೇ.

ಕೊನೆಗೆ ಬಂದ ಮಾಳವ್ವ ಮೊದಲು ನೋಡಿದ್ದು ಮಗಳ ಕೈಯನ್ನು. "ಅಯ್ಯೋ, ನನ್ನ ಕರಣೇನ ಏನೇ ಮಾಡಿಟ್ಟೆ?" ಎಂದವಳೇ ಮಗಳನ್ನು ತಬ್ಬಿಕೊಂಡು ಗೊಳೋ ಎಂದು ಅತ್ತಳು.

ರಾಜನಿಗೆ ಹುರುಪು ಬಂತು. "ಈ ಗೋಡೆಯ ಮೇಲೆ ನನ್ನ ಚಿತ್ರ ಬರೆ, ಆನೆಯಷ್ಟು ದೊಡ್ಡದು!"

"ಆಗೋದಿಲ್ಲ, ಮಹಾಸ್ವಾಮಿ" ಎಂದಳು ಸಣ್ಣೀರಿ. "ಈ ಗೋಡೆ ಮೇಲೆ ಇನ್ನು ಯಾರೂ ಬೇಡ. ಚಿತ್ರ ಬೇಕಿದ್ರೆ ಹಲಗೆ ತಗೊಂಡು ಬನ್ನಿ, ಕಲಿಸ್ತೀನಿ. ಅಂಗೈಯಗಲದ್ದು."

ರಾಜ ತಂದ. ಪಾಪ, ಅವನ ಗೆರೆಯೂ ಸೊಟ್ಟಗೇ ಬಂತು. ಅಳಿಲು ಮರಳಿ ಪಡೆದ ಬಾಲ ಕುಣಿಸುತ್ತ "ಕೆರೆದು ಹಾಕು, ಇನ್ನೊಂದು" ಎಂದಿತು. ಗಾರೆಗಿರಿಯ ಜನ ಅಂದಿನಿಂದ ಉಂಡುಟ್ಟು ನಗುನಗುತ್ತ ಬಾಳಿದರು. ಮಾಳವ್ವ ಮಾತ್ರ ಆವತ್ತೇ ಸುತ್ತಿಗೆ ಹಿಡಿದು ಅರಮನೆಯ ಗೋಡೆಯ ಮುಂದೆ ಕೂತಳು. ಈ ಸಲ ಕಚ್ಚು ಹೊಡೆದಳು.