ಶನಿವಾರದ ಡಿಸ್ಕ್

"ಎಕ್ಸ್‌ಬಾಕ್ಸ್ ಇದ್ರೆ ತೋರ್ಸಿ" ಅಂದಳು ಪ್ರತಿಭಾ, ನನ್ನ ಮುಖ ನೋಡದೆ.

ಹಾಸನದ ನನ್ನ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಯಾರು ಏನು ಕೇಳಿದರೂ ನಗುತ್ತಾ ಕೊಡುವವನು ನಾನು. ಅವತ್ತು ನಗು ಬರಲಿಲ್ಲ.

ವರ್ಷದಿಂದ ಶನಿವಾರ ಬಂದರೆ ಸಾಕು, ಕಾಲೇಜಿನಲ್ಲಿ ಸಮಾಜಶಾಸ್ತ್ರದ ಪಾಠ ಹೇಳಿ ಮುಗಿಸಿ, ಚನ್ನರಾಯಪಟ್ಟಣದ ಬಸ್ಸು ಹತ್ತುವ ಮೊದಲು ಅವಳು ಇಲ್ಲಿಗೆ ಬರುತ್ತಿದ್ದಳು. ವಿಡಿಯೋ ಗೇಮ್ ಆಡಲು ಅವಳ ಮನೆಯಲ್ಲೂ ಪ್ಲೇಸ್ಟೇಷನ್, ನನ್ನ ಮನೆಯಲ್ಲೂ ಪ್ಲೇಸ್ಟೇಷನ್. ಅವಳು ಆಡಿ ಮುಗಿಸಿದ ಡಿಸ್ಕ್ ನನಗೆ, ನನ್ನದು ಅವಳಿಗೆ. ಆ ನೆಪ ಬಿಟ್ಟರೆ ಅವಳನ್ನು ನೋಡಲು ನನಗೆ ಬೇರೆ ದಾರಿಯೇ ಇರಲಿಲ್ಲ. ಎಕ್ಸ್‌ಬಾಕ್ಸ್ ಬೇರೆ ಕಂಪನಿಯದು, ಅದಕ್ಕೆ ನನ್ನ ಡಿಸ್ಕ್ ಹಾಕಿದರೆ ಓಡುವುದಿಲ್ಲ.

"ಹಳೇದೇನಾಯ್ತು?"

"ತಮ್ಮಂಗೆ ಕೊಟ್ಬುಟ್ಟೆ. ಅರಕಲಗೂಡಿಗೆ ತಗೊಂಡೋದ."

ಪೆಟ್ಟಿಗೆ ತಂದು ಮೇಜಿನ ಮೇಲಿಟ್ಟೆ. ಅವಳೇ ಹಿಂದೊಮ್ಮೆ ಇದೇ ಮೇಜಿಗೆ ಒರಗಿ ಹೇಳಿದ್ದ ಮಾತು ನೆನಪಾಯಿತು. ಅಮೆರಿಕದ ಎಕ್ಸ್‌ಬಾಕ್ಸ್ ಜಪಾನಿನಲ್ಲಿ ಅಷ್ಟಾಗಿ ಓಡಲೇ ಇಲ್ಲವಂತೆ. ಅಲ್ಲಿಯವರಿಗೆ ತಮ್ಮ ದೇಶದ ಕಂಪನಿ ಮೇಲೆ ನಂಬಿಕೆ. ಮನೆ ಚಿಕ್ಕದು, ಓಡಾಟ ರೈಲಿನಲ್ಲಿ, ಕೈಯಲ್ಲಿ ಹಿಡಿದು ಆಡುವಂಥದ್ದು ಬೇಕು. ಅಮೆರಿಕದವರಿಗೋ ದೊಡ್ಡ ಹಾಲ್, ದೊಡ್ಡ ಟಿವಿ, ಗುಂಡು ಹಾರಿಸುವ ಆಟ.

"ನಮ್ಮೋರಿಗೆ?" ಅಂತ ಕೇಳಿದ್ದೆ.

"ನಮ್ಮೋರು ದೇಶ ಎಲ್ಲಿ ನೋಡ್ತಾರೆ? ಬೇಕಾದೋರ ಮನೇಲಿ ಯಾವ್ದಿದ್ಯೋ ಅದನ್ನೇ ತಗೋತಾರೆ. ಡಿಸ್ಕ್ ಕೊಟ್ಟು ಇಸ್ಕೋಬೋದಲ್ಲ" ಅಂದು ನನ್ನತ್ತ ಓರೆನೋಟ ಬೀರಿದ್ದಳು. ಆ ನೋಟವನ್ನು ಹೊಳೆನರಸೀಪುರದ ನನ್ನ ಮನೆಯವರೆಗೂ ಬಸ್ಸಿನಲ್ಲಿ ಜೋಪಾನವಾಗಿ ಒಯ್ದಿದ್ದೆ.

ಈಗ ಅದೇ ಮಾತು ಚುಚ್ಚಿತು. ಹಾಗಾದರೆ ಎಕ್ಸ್‌ಬಾಕ್ಸ್ ಇರುವ ಬೇಕಾದವರು ಯಾರೋ ಸಿಕ್ಕಿದ್ದಾರೆ.

"ಯಾರ ಮನೇಲೈತೆ ಎಕ್ಸ್‌ಬಾಕ್ಸು?" ಕೇಳಿಯೇಬಿಟ್ಟೆ. ದನಿ ನನಗೇ ಒರಟಾಗಿ ಕೇಳಿಸಿತು.

ಪ್ರತಿಭಾ ಈಗ ತಲೆಯೆತ್ತಿದಳು. ನಗು ತಡೆಯಲು ಕೆಳತುಟಿ ಕಚ್ಚಿಕೊಂಡಿದ್ದಳು.

"ಯಾರ ಮನೇಲೂ ಇಲ್ಲ ಕಣ್ರೀ."

"ಮತ್ತೆ ಶನಿವಾರದ ಡಿಸ್ಕು?"

"ಡಿಸ್ಕ್ ಕೊಟ್ಟು ಇಸ್ಕೊಳ್ಳೋದು ಎರಡು ಮನೆಯೋರು. ಎಷ್ಟು ದಿನ ಅಂತ ಹಿಂಗೇ ಎರಡು ಮನೆಯೋರಾಗಿ ಇರೋದು?" ಅವಳ ಬೆರಳು ಪೆಟ್ಟಿಗೆಯ ಅಂಚನ್ನು ಸವರುತ್ತಿತ್ತು. "ಒಂದೇ ಮನೇಲಿ ಎರಡು ಪ್ಲೇಸ್ಟೇಷನ್ ಇಟ್ಕೊಂಡು ಏನ್ಮಾಡ್ತೀರಿ, ರಜನೀಶ್?"

ನನಗೆ ಅರ್ಥವಾಗಲು ಸ್ವಲ್ಪ ಹೊತ್ತೇ ಹಿಡಿಯಿತು. ಅವಳ ಕಿವಿ ಕೆಂಪಾಗಿತ್ತು. ಇಷ್ಟು ದಿನ ನಾನು ಹೇಳಲು ಹೆದರಿದ್ದನ್ನು ಅವಳು ಹೇಳಿಬಿಟ್ಟಿದ್ದಳು. ನನಗೆ ನಾಚಿಕೆಯೂ ಆಯಿತು, ಕುಣಿಯುವಷ್ಟು ಸಂತೋಷವೂ ಆಯಿತು.

"ನಂಗೂ ಅದೇ ಆಸೆ, ಪ್ರತಿಭಾ. ಬಾಯಿ ಬರ್ತಿರ್ಲಿಲ್ಲ ಅಷ್ಟೆ."

"ಗೊತ್ತು. ಅದಕ್ಕೇ ನಾನೇ ಬಂದೆ."

ಪೆಟ್ಟಿಗೆ ಎತ್ತಿಕೊಳ್ಳಲು ಹೋದಳು. ನಾನು ಅದರ ಮೇಲೆ ಕೈಯಿಟ್ಟೆ.

"ಇದನ್ಯಾಕೆ ಚನ್ನರಾಯಪಟ್ಟಣಕ್ಕೆ ಹೊರ್ತೀರಾ? ನಮ್ಮನೆಗೆ ನಾನೇ ತಗೊಂಡೋಗ್ತೀನಿ."

"ನಿಮ್ಮಮ್ಮ ಕೇಳಿದ್ರೆ ಏನಂತೀರಾ?"

"ಸೊಸೆ ಸಾಮಾನು ಮೊದ್ಲು ಬಂದ್ಬುಡ್ತು, ಸೊಸೇನ ಕೇಳೋಕೆ ನಾಳೆ ಹೊರಡವ್ವ ಅಂತೀನಿ."

ಆ ಶನಿವಾರ ಪ್ರತಿಭಾ ಬರಿಗೈಯಲ್ಲಿ ಬಸ್ಸು ಹತ್ತಿದಳು.