ಗುಟ್ಟಿನ ಗಿರಾಕಿ

ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ ಗೃಹೋಪಯೋಗಿ ವಸ್ತುಗಳ ಅಂಗಡಿಯ ಮ್ಯಾನೇಜರ್ ಠಾಣೆಗೆ ಬಂದು ದೂರು ಕೊಟ್ಟರು. ಸುಮಾರು ಒಂದು ತಿಂಗಳಿಂದ ವಾರಕ್ಕೊಂದರಂತೆ ಸಾಮಾನು ಮಾಯವಾಗುತ್ತಿದೆ. ಮೊದಲು ಇಸ್ತ್ರಿಪೆಟ್ಟಿಗೆ, ಆಮೇಲೆ ಮಿಕ್ಸಿ, ಮೇಜಿನ ಫ್ಯಾನು, ಗೋಡೆ ಗಡಿಯಾರ. ಬೀಗ ಮುರಿದಿಲ್ಲ, ಗಾಜು ಒಡೆದಿಲ್ಲ. ಬಾಗಿಲು ಕಾಯುವವನ ಮೇಲೆ ಗುಮಾನಿ ಇದೆ. ಅವನನ್ನು ಶನಿವಾರವೇ ಕೆಲಸದಿಂದ ನಿಲ್ಲಿಸಲಾಗಿದೆ.

"ಅವನೇ ಅಂತ ಹೇಗೆ ಹೇಳ್ತೀರಿ?" ಎಂದು ಇನ್ಸ್‌ಪೆಕ್ಟರ್ ಕೇಳಿದರು.

"ಬಾಗಿಲಲ್ಲಿ ಇರೋನು ಅವನೇ ತಾನೇ ಸಾರ್."

"ಬಾಗಿಲಲ್ಲಿ ಇರೋರೆಲ್ಲ ಕಳ್ಳರಾದ್ರೆ ನಮ್ಮ ಸೆಂಟ್ರೀನ ಏನ್ಮಾಡೋಣ?"

ಠಾಣೆಯ ಬಾಗಿಲಲ್ಲಿದ್ದ ಸೆಂಟ್ರಿ ಸುಮ್ಮನೆ ಬೆಲ್ಟು ಸರಿಮಾಡಿಕೊಂಡ. ರೈಟರ್ ಎಫ್‌ಐಆರ್ ದಾಖಲಿಸಿದರು. ಮಧ್ಯಾಹ್ನ ಇನ್ಸ್‌ಪೆಕ್ಟರ್ ಇಬ್ಬರು ಪೇದೆಗಳನ್ನು ಕರೆದುಕೊಂಡು ಸ್ಥಳ ಪಂಚನಾಮೆಗೆ ಹೊರಟರು. ಒಬ್ಬನಿಗೆ ಠಾಣೆಯಲ್ಲಿ ಮೀಸೆ ಎಂದೇ ಹೆಸರು. ಮುಖದಲ್ಲಿ ಅದನ್ನು ಬಿಟ್ಟು ಬೇರೇನೂ ಎದ್ದು ಕಾಣುತ್ತಿರಲಿಲ್ಲ. ಇನ್ನೊಬ್ಬಳು ಮಹಿಳಾ ಪೇದೆ, ಕೆಲಸಕ್ಕೆ ಸೇರಿ ವರ್ಷವಾಗಿರಲಿಲ್ಲ.

ಅಂಗಡಿಯ ಬಾಗಿಲಿಗೆ ಕ್ಯಾಮೆರಾ ಇತ್ತು. ಅದರ ಮುಂದೆ 'ಭಾರಿ ರಿಯಾಯಿತಿ' ಎಂಬ ಬೋರ್ಡು ನೇತಾಡುತ್ತಿತ್ತು. ಹಾಗಾಗಿ ಕ್ಯಾಮೆರಾದಲ್ಲಿ ಸಿಕ್ಕಿದ್ದೆಲ್ಲ ಬೋರ್ಡಿನ ಬೆನ್ನು, ಗಾಳಿ ಬಂದಾಗ ಒಂದಿಷ್ಟು ಜನರ ಕಾಲು. ಮೀಸೆ ಅರ್ಧ ಗಂಟೆ ಆ ಕಾಲುಗಳನ್ನು ನೋಡಿ, "ಎಲ್ಲರೂ ಒಳ್ಳೇ ಮನೆಯೋರ ಹಾಗೇ ಕಾಣ್ತಾರೆ ಸಾರ್" ಎಂದ.

ಬಿಲ್ಲಿನ ಕೌಂಟರಿನ ಪಕ್ಕ ಇನ್ನೊಂದು ಬೋರ್ಡು ಇತ್ತು. 'ನಿಮ್ಮ ಮಾತೇ ನಮಗೆ ಮುಖ್ಯ. ಕರೆ ಮಾಡಿ ತಿಳಿಸಿ.' ಕೆಳಗೆ ಫೋನ್ ನಂಬರು.

"ಈ ನಂಬರಿಗೆ ಫೋನ್ ಮಾಡಿದ್ರೆ ಯಾರು ಎತ್ತುತಾರೆ?"

"ಯಾರೂ ಎತ್ತಲ್ಲ ಸಾರ್. ಯಂತ್ರ ಇದೆ. ತಾನೇ ರೆಕಾರ್ಡ್ ಮಾಡ್ಕೊಳ್ಳುತ್ತೆ."

"ಅದನ್ನ ಯಾರು ಕೇಳ್ತಾರೆ?"

ಮ್ಯಾನೇಜರ್ ಕತ್ತು ಕೆರೆದುಕೊಂಡರು. "ಹೆಡ್ ಆಫೀಸಿನೋರು ಇಡಿ ಅಂದ್ರು. ಇಟ್ವಿ."

ಯಂತ್ರ ಮ್ಯಾನೇಜರ್ ಕೋಣೆಯ ಮೂಲೆಯಲ್ಲಿ, ಅವರ ಊಟದ ಡಬ್ಬಿಯ ಕೆಳಗೆ ಸಿಕ್ಕಿತು. ಮಹಿಳಾ ಪೇದೆ ಧೂಳು ಊದಿ ಗುಂಡಿ ಒತ್ತಿದಳು. ವಯಸ್ಸಾದ ಹೆಂಗಸೊಬ್ಬರ ದನಿ, ಗಂಟೆ ಬಾರಿಸಿದ ಹಾಗೆ ಸ್ಪಷ್ಟವಾಗಿತ್ತು.

"ನಮಸ್ಕಾರ. ಇಂದು ಬುಧವಾರ. ನಿಮ್ಮ ಅಂಗಡಿಯಿಂದ ಒಂದು ಇಸ್ತ್ರಿಪೆಟ್ಟಿಗೆಯನ್ನು ಹಣ ಕೊಡದೆ ತೆಗೆದುಕೊಂಡು ಹೋಗಿದ್ದೇನೆ. ಯಾರೂ ತಡೆಯಲಿಲ್ಲ. ಬಿಲ್ ಮಾಡುವ ಹುಡುಗಿ ಮೊಬೈಲ್ ನೋಡುತ್ತಿದ್ದಳು. ಬಾಗಿಲಲ್ಲಿರುವವರು ನನ್ನ ಚೀಲ ಭಾರವಿದೆಯೆಂದು ತಾವೇ ಬಸ್ ನಿಲ್ದಾಣದವರೆಗೆ ಹೊತ್ತು ತಂದರು. ಸೌಜನ್ಯಕ್ಕೆ ಪೂರ್ತಿ ಅಂಕ. ಭದ್ರತೆಗೆ ಸೊನ್ನೆ. ಒಟ್ಟು ಹತ್ತಕ್ಕೆ ನಾಲ್ಕು. ಮುಂದಿನ ವಾರ ಸುಧಾರಣೆ ನಿರೀಕ್ಷಿಸುತ್ತೇನೆ."

ಮುಂದಿನ ವಾರದ್ದು ಇನ್ನೂ ಚಿಕ್ಕದಿತ್ತು. "ಸುಧಾರಣೆ ಕಾಣಲಿಲ್ಲ. ಇಂದು ಮಿಕ್ಸಿ."

ಮೀಸೆ ಬಾಯಿಗೆ ಕರವಸ್ತ್ರ ತುರುಕಿಕೊಂಡ. ಇನ್ಸ್‌ಪೆಕ್ಟರ್ ತಿರುಗಿ ನೋಡಿದಾಗ ಮಹಿಳಾ ಪೇದೆ ಕುರ್ಚಿ ಬಿಟ್ಟು ಕೈಕಟ್ಟಿ ನಿಂತಿದ್ದಳು.

"ಏನಮ್ಮ?"

"ಸಾರ್, ಇವರು ನಮ್ಮ ಸ್ಕೂಲಿನ ಹೆಡ್‌ಮಿಸ್ಸು."

"ಸರಿ, ಕೂತ್ಕೊ."

"ಅವರು ಮಾತಾಡೋವಾಗ ಕೂತು ಅಭ್ಯಾಸ ಇಲ್ಲ ಸಾರ್."

ಸಂಜೆ ಐದಕ್ಕೆ ಮೂವರೂ ಹೆಡ್‌ಮಿಸ್ ಮನೆಯ ಕದ ತಟ್ಟಿದರು. ಎರಡನೇ ಮಹಡಿಯ ಚಿಕ್ಕ ಮನೆ. ಸೊಸೆ ಬಾಗಿಲು ತೆಗೆದು, ಖಾಕಿ ಕಂಡು ಗಾಬರಿಯಾಗಿ ಒಳಗೆ ಕೂಗಿದಳು. "ಅತ್ತೆ, ಪೊಲೀಸ್‌ನೋರು ಬಂದಿದಾರೆ."

"ಬೂಟು ಹೊರಗೆ ಬಿಡೋಕೆ ಹೇಳು" ಎಂದು ಒಳಗಿಂದ ಉತ್ತರ ಬಂತು.

ಮೀಸೆಯ ಕಾಲುಚೀಲದಲ್ಲಿ ತೂತಿತ್ತು. ಹೆಬ್ಬೆರಳು ಹೊರಗಿಣುಕುತ್ತಿತ್ತು. ಹೆಡ್‌ಮಿಸ್ ಅದನ್ನು ಒಮ್ಮೆ ನೋಡಿದರು. ಅಷ್ಟಕ್ಕೇ ತನ್ನ ಅಂಕ ಹೋಯಿತೆಂದು ಮೀಸೆಗೆ ತಿಳಿಯಿತು. ಆಮೇಲೆ ಅವರು ಮಹಿಳಾ ಪೇದೆಯ ಕಡೆ ತಿರುಗಿ, "ಏನಮ್ಮ, ಈಗಲಾದ್ರೂ ಅಕ್ಷರ ನೆಟ್ಟಗಾಯ್ತಾ?" ಎಂದರು. ಅವಳು ಇನ್ಸ್‌ಪೆಕ್ಟರ್ ಬೆನ್ನಿನ ಹಿಂದೆ ಸರಿದಳು.

ಇನ್ಸ್‌ಪೆಕ್ಟರ್ ವಿಚಾರಣೆ ಶುರುಮಾಡಿದರು.

"ಅಂಗಡಿಯಿಂದ ಸಾಮಾನು ತಗೊಂಡು ಹೋಗಿದ್ದು ನೀವಾ?"

"ನಾನೇ."

"ದುಡ್ಡು ಕೊಡದೆ?"

"ಕೊಟ್ರೆ ಅದು ಪರೀಕ್ಷೆ ಹೇಗಾಗುತ್ತೆ?"

"ಪರೀಕ್ಷೆ ಮಾಡೋಕೆ ನಿಮಗೆ ಹೇಳಿದ್ಯಾರು?"

ಹೆಡ್‌ಮಿಸ್ ನೆಟ್ಟಗೆ ಕೂತು ಹೇಳಿದರು. ನಿವೃತ್ತರಾದ ಮೇಲೆ ಅವರಿಗೆ ಕೈಕಟ್ಟಿ ಹಾಕಿದಂತಾಗಿತ್ತು. ಸೊಸೆಯ ಅಡುಗೆಗೆ ಅಂಕ ಕೊಟ್ಟರು, ಮಗ ಗಡ್ಡ ಬೋಳಿಸಿಕೊಂಡ ಅಂದಕ್ಕೆ ಅಂಕ ಕೊಟ್ಟರು, ಮೊಮ್ಮಗಳು ಮಲಗುವ ಭಂಗಿಯನ್ನೂ ಬಿಡಲಿಲ್ಲ. ಒಂದು ದಿನ ಪತ್ರಿಕೆಯ ಜೊತೆ ಒಂದು ಕರಪತ್ರ ಬಂತು. 'ಅಂಗಡಿಗಳನ್ನು ಗುಟ್ಟಾಗಿ ಪರಿಶೀಲಿಸಲು ಬೇಕಾಗಿದ್ದಾರೆ. ಅರೆಕಾಲಿಕ ಕೆಲಸ. ತಪ್ಪು ಹುಡುಕುವ ಸ್ವಭಾವ ಇದ್ದವರಿಗೆ ಆದ್ಯತೆ.' ಮಗ ಅದನ್ನು ಎರಡೂ ಕೈಯಲ್ಲಿ ಹಿಡಿದು ತಂದುಕೊಟ್ಟ.

"ಅವತ್ತಿಂದ ಮನೇಲಿ ಎಲ್ಲರೂ ಉಸಿರು ಬಿಡೋ ಹಾಗಾಯ್ತು" ಎಂದಳು ಸೊಸೆ, ಬಾಗಿಲ ಮರೆಯಿಂದ.

ಕರಪತ್ರದಲ್ಲಿದ್ದ ನಂಬರಿಗೆ ಫೋನ್ ಮಾಡಿದಾಗ ವಲಯಾಧಿಕಾರಿ ಎಂದು ಹೇಳಿಕೊಂಡ ಒಬ್ಬ ಉದ್ಯಾನದಲ್ಲಿ ಬಂದು ಭೇಟಿಯಾದ. ಕೆಲಸಕ್ಕೆ ಗುಟ್ಟಿನ ಗಿರಾಕಿ ಎಂದು ಹೆಸರು. ಸಂಬಳ ತರಬೇತಿ ಮುಗಿದ ಮೇಲೆ. ತರಬೇತಿ ಮಾತ್ರ ಚೆನ್ನಾಗಿತ್ತು. ಮಾಮೂಲಿ ಗಿರಾಕಿಯ ಹಾಗೆ ಒಳಗೆ ಹೋಗಬೇಕು, ಕೊಳ್ಳುವವರ ಹಾಗೆ ಅನುಮಾನಿಸಬೇಕು. ಮಾತಾಡಿಸಿದವರ ಎದೆ ಮೇಲಿನ ಹೆಸರು ನೆನಪಿಟ್ಟುಕೊಳ್ಳಬೇಕು. ಏನಾದರೂ ಗುರುತು ಹಾಕಿಕೊಳ್ಳುವುದಿದ್ದರೆ ಶೌಚಾಲಯಕ್ಕೆ ಹೋಗಿ ಹಾಕಿಕೊಳ್ಳಬೇಕು, ಹಾಗೇ ಶೌಚಾಲಯವೂ ಚೊಕ್ಕಟವಾಗಿದೆಯಾ ನೋಡಬೇಕು. ಮೊದಲು ಒಂದು ಔಷಧಿ ಅಂಗಡಿ, ಒಂದು ಚಪ್ಪಲಿ ಅಂಗಡಿ. ಚಪ್ಪಲಿ ಅಂಗಡಿಯಲ್ಲಿ ಹೆಡ್‌ಮಿಸ್ ಆಸೆ ತಡೆಯಲಾರದೆ ಮಾಲೀಕನಿಗೆ ಕಾಲು ಮಡಚಿ ಕೂರಬೇಡಿ ಎಂದು ಹೇಳಿ ಗುಟ್ಟು ರಟ್ಟು ಮಾಡಿಕೊಂಡರು. ವಲಯಾಧಿಕಾರಿ ಬೈಯಲಿಲ್ಲ. "ಮೊದಮೊದಲು ಎಲ್ಲರಿಗೂ ಹಾಗೇ ಆಗುತ್ತೆ ಮೇಡಂ" ಎಂದ. ಆಮೇಲೆ ಭದ್ರತಾ ಪರೀಕ್ಷೆ ಎಂದು ಗೃಹೋಪಯೋಗಿ ಅಂಗಡಿಗೇ ಪ್ರತಿ ಬುಧವಾರ ಕಳಿಸಿದ. ತಂದ ಸಾಮಾನನ್ನು ಮಾರ್ಕೆಟ್ ಹಿಂದಿನ ಬಸ್ ನಿಲ್ದಾಣದಲ್ಲಿ ಅವನ ಕೈಗೆ ಕೊಟ್ಟರೆ, ಅವನು ಸಂಜೆಯೊಳಗೆ ಅಂಗಡಿಗೆ ಮುಟ್ಟಿಸುತ್ತಾನೆ ಎಂದು ಮಾತಾಗಿತ್ತು.

"ಹಾಗಿದ್ರೆ ಅಂಗಡಿಗೆ ಫೋನ್ ಮಾಡಿದ್ದು ಯಾಕೆ?"

"ಅವರು ಬೇಡ ಅಂದಿದ್ರು. ಆದ್ರೆ ಉತ್ತರ ಪತ್ರಿಕೆ ತೋರಿಸದೆ ಅಂಕ ಕೊಟ್ರೆ ಮಕ್ಕಳು ಕಲಿಯೋದು ಹೇಗೆ?"

ಇನ್ಸ್‌ಪೆಕ್ಟರ್ ಕನ್ನಡಕ ತೆಗೆದು ಒರೆಸಿಕೊಂಡರು. "ಟೀಚರ್, ಸಾಮಾನು ಅಂಗಡಿಗೆ ವಾಪಸ್ ಹೋಗಿಲ್ಲ. ಅಂಗಡಿಯೋರು ಯಾರಿಗೂ ಪರೀಕ್ಷೆ ಮಾಡಿ ಅಂತ ಹೇಳಿಲ್ಲ."

"ಅವರ ಕೊರಳಲ್ಲಿ ಗುರುತಿನ ಚೀಟಿ ಇತ್ತು."

"ಅದರಲ್ಲಿ ಏನ್ ಬರೆದಿತ್ತು?"

ಹೆಡ್‌ಮಿಸ್ ಮೊದಲ ಸಲ ತಡವರಿಸಿದರು. "ನಾನು ಕನ್ನಡಕ ಹಾಕಿರಲಿಲ್ಲ. ಗುರುತು ಸಿಗಬಾರದು, ಕೆಲಸಕ್ಕೆ ಬರೋವಾಗ ಕನ್ನಡಕ ತೆಗೀರಿ ಅಂತ ಅವರೇ ಹೇಳಿದ್ರು."

ಯಾರೂ ನಗಲಿಲ್ಲ. ಬಾಗಿಲು ಕಾಯುವವನನ್ನು ಕೆಲಸದಿಂದ ನಿಲ್ಲಿಸಿದ್ದಾರೆಂದು ಇನ್ಸ್‌ಪೆಕ್ಟರ್ ಹೇಳಿದಾಗ ಹೆಡ್‌ಮಿಸ್ ಮುಖ ಬಾಡಿತು. "ನನ್ನ ಚೀಲ ಹೊತ್ತು ತಂದೋರು" ಎಂದರು. "ಅವರಿಗೆ ಶಿಕ್ಷೆನಾ?"

ಅಷ್ಟರಲ್ಲಿ ಕೆಲಸದಿಂದ ಬಂದ ಮಗ ಮೆಟ್ಟಿಲ ಮೇಲೇ ವಿಷಯ ಕೇಳಿ ಬೆವೆತು ಒಳಗೆ ಬಂದ. "ಸಾರ್, ಅಮ್ಮನ್ನ ಅರೆಸ್ಟ್ ಮಾಡ್ತೀರಾ? ಕರಪತ್ರ ಕೊಟ್ಟೋನು ನಾನು. ನನ್ನ ಕರ್ಕೊಂಡು ಹೋಗಿ."

"ಕದಿಯೋ ಉದ್ದೇಶ ಇದ್ದೋರು ಫೋನ್ ಮಾಡಿ ಅಂಕ ಹೇಳಲ್ಲಪ್ಪ" ಎಂದರು ಇನ್ಸ್‌ಪೆಕ್ಟರ್. "ಇವರು ಸಾಕ್ಷಿ. ಆದ್ರೆ ನಾಡಿದ್ದು ಬುಧವಾರ ಇನ್ನೊಂದು ಸಲ ಕೆಲಸಕ್ಕೆ ಹೋಗಬೇಕಾಗುತ್ತೆ."

"ಹೋಗ್ತೀನಿ" ಎಂದರು ಹೆಡ್‌ಮಿಸ್.

ಬುಧವಾರ ಮಧ್ಯಾಹ್ನ ಮ್ಯಾನೇಜರ್‌ಗೆ ಮೊದಲೇ ತಿಳಿಸಿ ಒಂದು ಕೆಟಲ್ ಹೆಡ್‌ಮಿಸ್ ಚೀಲಕ್ಕೆ ಹಾಕಿಸಿದರು. ನಾಲ್ಕು ಗಂಟೆಗೆ ಬಸ್ ನಿಲ್ದಾಣದಲ್ಲಿ ಮೀಸೆ ಪ್ರಯಾಣಿಕನ ವೇಷದಲ್ಲಿ, ಮಹಿಳಾ ಪೇದೆ ಹೂ ಮಾರುವವಳ ವೇಷದಲ್ಲಿ ಕೂತರು. ಇನ್ಸ್‌ಪೆಕ್ಟರ್ ಎದುರಿನ ಚಹಾ ಅಂಗಡಿಯಲ್ಲಿದ್ದರು. ಹೆಡ್‌ಮಿಸ್ ಬಂದು ಮೀಸೆಯ ಪಕ್ಕ ಕೂತು, ರಸ್ತೆ ಕಡೆ ನೋಡುತ್ತಲೇ ಮೆಲ್ಲಗೆ ಹೇಳಿದರು. "ಬಸ್ಸಿಗೆ ಕಾಯೋರು ಬಸ್ ಬರೋ ಕಡೆ ನೋಡ್ತಾರೆ. ನೀವು ನನ್ನೇ ನೋಡ್ತಿದೀರಿ. ಅವಳು ಹೂವಿನ ರೇಟು ಕೇಳಿದೋರಿಗೆಲ್ಲ ಸೆಲ್ಯೂಟ್ ಹೊಡೀತಿದಾಳೆ."

ಮೀಸೆ ಬಸ್ ಬರುವ ಕಡೆ ತಿರುಗಿದ. ಹಾಗಾಗಿ ಇನ್ನೊಂದು ಕಡೆಯಿಂದ ಬಂದ ವಲಯಾಧಿಕಾರಿ ಅವನಿಗೆ ಕಾಣಲೇ ಇಲ್ಲ.

ನಲವತ್ತು ದಾಟಿದ ತೆಳ್ಳಗಿನ ಮನುಷ್ಯ, ಇಸ್ತ್ರಿ ಮಾಡಿದ ಅಂಗಿ, ಕೊರಳಲ್ಲಿ ಚೀಟಿ. ಹೆಡ್‌ಮಿಸ್ ಈ ಸಲ ಕನ್ನಡಕ ಹಾಕಿಕೊಂಡೇ ಬಂದಿದ್ದರು. ಚೀಟಿ ಯಾವುದೋ ಈಜುಕೊಳದ ಸದಸ್ಯತ್ವದ್ದು.

"ಮ್ಯಾನೇಜರ್ ಇದ್ದನಾ ಮೇಡಂ?" ಎಂದು ಅವನು ಕೇಳಿದ. ಪ್ರತಿ ವಾರ ಅವನ ಮೊದಲ ಪ್ರಶ್ನೆ ಅದೇ.

"ಇದ್ರು."

"ಮುಖ ಹೇಗಿತ್ತು?"

"ನಿಮಗೆ ಈಜೋಕೆ ಬರುತ್ತಾ?" ಎಂದರು ಹೆಡ್‌ಮಿಸ್.

ಅವನು ಕೊರಳು ಮುಟ್ಟಿಕೊಂಡ. ಅಷ್ಟರಲ್ಲಿ ಇನ್ಸ್‌ಪೆಕ್ಟರ್ ಬಂದು ಹೆಗಲ ಮೇಲೆ ಕೈಯಿಟ್ಟರು. ಅವನು ಓಡಲಿಲ್ಲ. ಹೂವಿನ ಬುಟ್ಟಿ ಎತ್ತಿಕೊಂಡು ಓಡಿ ಬಂದ ಮಹಿಳಾ ಪೇದೆಯನ್ನು ಕಂಡು, ಬೀಳಬೇಡಮ್ಮ ಎನ್ನುವ ಹಾಗೆ ಚೀಲ ಪಕ್ಕಕ್ಕೆ ಸರಿಸಿದ. "ಸಾಮಾನೆಲ್ಲ ಮನೇಲಿದೆ ಸಾರ್. ಒಂದರ ಡಬ್ಬಾನೂ ಹರಿದಿಲ್ಲ" ಎಂದ.

ನಿಜವೇ ಆಗಿತ್ತು. ಸಂಜೆ ಪಂಚರ ಸಮಕ್ಷಮ ಅವನ ಮನೆ ಶೋಧಿಸಿದಾಗ ಮುಂದಿನ ಕೋಣೆಯಲ್ಲಿ ಹಲಗೆ ಹೊಡೆದು, ಕದ್ದ ವಸ್ತುಗಳನ್ನು ಅಂಗಡಿಯಲ್ಲಿ ಇಡುವ ಹಾಗೇ ಓರಣವಾಗಿ ಇಟ್ಟಿದ್ದ. ದೊಡ್ಡವು ಹಿಂದೆ, ಚಿಕ್ಕವು ಮುಂದೆ, ಎಲ್ಲದರ ಮುಖವೂ ಬಾಗಿಲ ಕಡೆಗೆ. ಒಂದನ್ನೂ ಮಾರಿರಲಿಲ್ಲ. ಮೀಸೆ ಪಂಚನಾಮೆಗೆಂದು ಮಿಕ್ಸಿ ಎತ್ತಿ ನೋಡಿದಾಗ ಆರೋಪಿ ತಡೆಯಲಾರದೆ, "ಅದು ಒಳ್ಳೇ ಮಾಡೆಲ್ ಸಾರ್, ಮುಚ್ಚಳ ಬಿಗಿಯಾಗಿ ಕೂರುತ್ತೆ, ಸದ್ದು ಕಡಿಮೆ" ಎಂದ.

"ಗ್ಯಾರಂಟಿ ಎಷ್ಟು ವರ್ಷ?" ಎಂದು ಮೀಸೆ ಕೇಳಿದ.

"ಅದನ್ನ ಕೆಳಗಿಡು" ಎಂದರು ಇನ್ಸ್‌ಪೆಕ್ಟರ್.

ಅದೇ ಸಂಜೆ ಹೆಡ್‌ಮಿಸ್ ಹಟ ಹಿಡಿದು ಬಾಗಿಲು ಕಾಯುವವನ ಮನೆಗೆ ಹೋದರು. ಜೊತೆಗೆ ಮಹಿಳಾ ಪೇದೆ ಇದ್ದಳು. ಅವನು ಯೂನಿಫಾರ್ಮ್ ಒಗೆದು ಮಡಚಿ, ವಾಪಸ್ ಕೊಡಲೆಂದು ಕವರಿಗೆ ಹಾಕಿದ್ದ. ಹೆಂಡತಿ ಕೆಳಗೆ ಮುಖ ಹಾಕಿ ಕೂತಿದ್ದಳು. ಬೀದಿಯವರೆಲ್ಲ ಅವಳನ್ನು ಕಳ್ಳನ ಹೆಂಡತಿ ಅನ್ನತೊಡಗಿದ್ದರು. ಹೆಡ್‌ಮಿಸ್ ಬೀದಿಯ ಮಧ್ಯೆ ನಿಂತು, ಅಸೆಂಬ್ಲಿಯ ದನಿಯಲ್ಲಿ, ಸಾಮಾನು ಹೊತ್ತುಕೊಂಡು ಹೋದವಳು ನಾನು, ಈತನದೇನೂ ತಪ್ಪಿಲ್ಲ ಎಂದು ಹೇಳಿದರು. ಕಿಟಕಿಗಳು ಒಂದೊಂದಾಗಿ ತೆರೆದವು. ಎಲ್ಲ ಕಿಟಕಿಯೂ ತೆರೆದ ಮೇಲೆ ಇನ್ನೊಂದು ಸಲ ಹೇಳಿದರು.

ಗುರುವಾರ ಬೆಳಿಗ್ಗೆ ಠಾಣೆಯಲ್ಲಿ ಆರೋಪಿಯ ಹೇಳಿಕೆ ಪಡೆದರು. ಸಾಕ್ಷಿ ಸಹಿಗೆ ಬಂದಿದ್ದ ಹೆಡ್‌ಮಿಸ್ ಗೋಡೆ ಬದಿಯ ಬೆಂಚಿನಲ್ಲಿ ಕೂತಿದ್ದರು. ಆರೋಪಿ ಅದೇ ಅಂಗಡಿಯಲ್ಲಿ ಹದಿನಾಲ್ಕು ವರ್ಷ ಸೇಲ್ಸ್‌ಮನ್ ಆಗಿದ್ದವನು.

"ಕೆಲಸ ಯಾಕೆ ಹೋಯ್ತು?" ಎಂದು ಇನ್ಸ್‌ಪೆಕ್ಟರ್ ಕೇಳಿದರು.

"ಹೆಡ್ ಆಫೀಸಿಂದ ಒಬ್ಬ ಗುಟ್ಟಿನ ಗಿರಾಕಿ ಬಂದಿದ್ರು ಸಾರ್, ನಿಜವಾದೋರು. ಸೇಲ್ಸ್‌ಮನ್ ನಗಲಿಲ್ಲ, ಸರಿಯಾಗಿ ಮಾತಾಡಲಿಲ್ಲ ಅಂತ ವರದಿ ಹಾಕಿದ್ರು."

"ಯಾಕೆ ನಗಲಿಲ್ಲ?"

"ಅವತ್ತು ಬೆಳಿಗ್ಗೆ ಹಲ್ಲು ಕೀಳಿಸಿದ್ದೆ. ಬಾಯಲ್ಲಿ ಹತ್ತಿ ಇತ್ತು."

"ರಜೆ ಹಾಕೋದಲ್ವಾ?"

"ಕೇಳಿದೆ. ಸೇಲ್ ನಡೀತಿದೆ, ಬಾ ಅಂದ್ರು ಮ್ಯಾನೇಜರ್. ಆಮೇಲೆ ವರದಿ ಬಂದಾಗ ಅವರೊಂದು ಮಾತು ಹೇಳಬಹುದಿತ್ತು ಸಾರ್. ಹೇಳಲಿಲ್ಲ. ಸಾಮಾನು ಹೋಗ್ತಾ ಹೋದ್ರೆ ಹೆಡ್ ಆಫೀಸಿನೋರು ಅವರನ್ನೂ ಹೀಗೇ ಕಳಿಸ್ತಾರೆ ಅಂದ್ಕೊಂಡೆ." ತಲೆ ತಗ್ಗಿಸಿ, "ಬಾಗಿಲೋನ ತಲೆಗೆ ಕಟ್ತಾರೆ ಅಂತ ಗೊತ್ತಿರಲಿಲ್ಲ. ಅವನೂ ನಾನೂ ಒಟ್ಟಿಗೆ ಊಟ ಮಾಡ್ತಿದ್ವಿ" ಎಂದ.

ಇನ್ಸ್‌ಪೆಕ್ಟರ್ ಮ್ಯಾನೇಜರ್‌ಗೆ ಫೋನ್ ಮಾಡಿ ವಿಚಾರಿಸಿದರು. ಆ ಕಡೆಯಿಂದ "ಹೌದು, ಸೇಲ್ ನಡೀತಿತ್ತು" ಎಂದಷ್ಟೇ ಬಂತು.

ಹೆಡ್‌ಮಿಸ್ ಬೆಂಚಿನಿಂದ ಎದ್ದು ಆರೋಪಿಯ ಮುಂದೆ ನಿಂತರು. ಬೈಯುತ್ತಾರೆಂದು ಎಲ್ಲರೂ ಕಾದರು.

"ಆ ವರದಿ ಬರೆದೋರು ನಿಮ್ಮನ್ನ ಕೇಳಿದ್ರಾ, ಏನಾಯ್ತು ಅಂತ?"

"ಇಲ್ಲ ಮೇಡಂ. ಕೇಳೋ ಹಾಗಿಲ್ಲ. ಗುಟ್ಟು ಅಲ್ವಾ."

ಅವರು ವಾಪಸ್ ಹೋಗಿ ಬೆಂಚಿನಲ್ಲಿ ಕೂತರು.

ರೈಟರ್ ಬರೆಯುತ್ತಿದ್ದ ಪೆನ್ನು ನಿಲ್ಲಿಸಿದರು. "ಸಾರ್, ಹಲ್ಲಿನ ವಿಷಯ ಹಾಕಬೇಕಾ? ಕೇಸಿಗೆ ಅದು ಬರಲ್ಲ."

"ಹಾಕಿ."

"ಯಾವ ಹಲ್ಲು ಅಂತ ಹಾಕಲಿ?"

ಇನ್ಸ್‌ಪೆಕ್ಟರ್ ಆರೋಪಿಯ ಕಡೆ ನೋಡಿದರು. ಅವನು ಬಾಯಿ ಅಗಲ ತೆರೆದು, ಬೆರಳಿಟ್ಟು ತೋರಿಸಿದ. ರೈಟರ್ ಕುರ್ಚಿಯಿಂದ ಎದ್ದು, ಮೇಜಿನ ಮೇಲೆ ಬಾಗಿ, ಸರಿಯಾಗಿ ನೋಡಿ, ಕೂತು ಬರೆದರು: ಎಡಭಾಗ, ಮೇಲಿನ ದವಡೆ, ಕೊನೆಯಿಂದ ಎರಡನೆಯದು.