ಬರಬಾರದಿದ್ದ ಸೊನ್ನೆ

ಪಂಪು ನಿಂತಿತ್ತು. ಪೈಪು ಖಾಲಿ. ನನ್ನ ಸ್ಕ್ರೀನ್ ಮಾತ್ರ ಬಹಳ ಗಂಭೀರವಾಗಿ ಎರಡೂವರೆ ಬಾರ್ ಒತ್ತಡ ತೋರಿಸುತ್ತಿತ್ತು.

"ಈ ಲೆಕ್ಕ ಬರೆದವರು ಯಾರು?" ಅನ್ನುತ್ತಾ, ಪೈಪಿನ ಒತ್ತಡ ಅಳೆಯುವ ಸೆನ್ಸರ್‌ಗಳನ್ನು ಪರೀಕ್ಷಿಸುವವನು ಕಂಟ್ರೋಲ್ ರೂಮಿಗೆ ಬಂದ. ಸೊಂಟದಲ್ಲಿ ವಾಕಿಟಾಕಿ, ಕೈಯಲ್ಲಿ ಹಳದಿ ಮೀಟರ್, ಹುಬ್ಬಿನ ಮೇಲೆ ಗ್ರೀಸಿನ ಗೆರೆ. ರೂಮಿನಲ್ಲಿದ್ದವಳು ನಾನೊಬ್ಬಳೇ. ಆದರೂ ಹಿಂದೆ ತಿರುಗಿ ನೋಡಿದೆ, ಬೇರೆ ಯಾರಾದರೂ ಸಿಕ್ಕಾರು ಅಂತ.

"ನಾನೇ" ಅಂದೆ. ಅಂದೆ ಅಂದುಕೊಂಡೆ, ತುಟಿ ಆಡಿತ್ತು, ಅಷ್ಟೆ.

"ಸೆನ್ಸರಿಂದ ಎಷ್ಟು ಮಿಲಿಯಾಂಪ್ ಕರೆಂಟ್ ಬರ್ತಿದೆ?"

"ನಾಲ್ಕು."

"ಅದನ್ನ ಏನು ಮಾಡಿದ್ರಿ?"

"ಹದಿನಾರರಿಂದ ಭಾಗಿಸಿ, ಹತ್ತರಿಂದ ಗುಣಿಸಿದೆ."

"ಮೊದಲು ನಾಲ್ಕು ಕಳೀಲಿಲ್ವಾ?"

ನಾಲಿಗೆ ಕಚ್ಚಿಕೊಂಡೆ. ಅವನು ನಗಲಿಲ್ಲ. ನಕ್ಕಿದ್ದರೆ ಕಥೆ ಅಲ್ಲೇ ಮುಗಿದಿರುತ್ತಿತ್ತು.

"ಹತ್ತು ಬಾರ್ ಇದ್ರೆ ಇಪ್ಪತ್ತು ಕೊಡುತ್ತೆ, ಒತ್ತಡವೇ ಇಲ್ದಿದ್ರೂ ನಾಲ್ಕು ಕೊಡುತ್ತೆ. ಸೊನ್ನೆಗೆ ಸೊನ್ನೇನೇ ಕೊಟ್ರೆ, ಒತ್ತಡ ಇಲ್ವೋ ವೈರೇ ಕಟ್ಟಾಗಿದೆಯೋ ಹೇಗೆ ಗೊತ್ತಾಗ್ಬೇಕು? ಆ ನಾಲ್ಕು ಅಂದ್ರೆ, ಹೇಳೋಕೇನೂ ಇಲ್ಲ, ಆದ್ರೆ ಇಲ್ಲೇ ಇದೀನಿ ಅಂತ."

ಆ ಸೆನ್ಸರಿನ ಮೇಲೆ ನನಗೆ ಒಡಹುಟ್ಟಿದವಳ ಮೇಲಿನಂಥ ಮಮತೆ ಉಕ್ಕಿತು. ಮನೆಗೆ ನೆಂಟರು ಬಂದಾಗ ನಾನು ಕೂರುವುದೂ ಹೀಗೇ.

ಅಂದಿನಿಂದ ಇಬ್ಬರದೂ ಒಂದೇ ಕೆಲಸ. ಅವನು ಕೆಳಗೆ ಪಂಪ್ ಹೌಸಿನಲ್ಲಿ ಪುಟ್ಟ ಕೈಪಂಪಿನಿಂದ ಸೆನ್ಸರಿಗೆ ಒತ್ತಡ ಕೊಡುವುದು, ನಾನು ಮೇಲೆ ಸ್ಕ್ರೀನ್ ನೋಡಿ ವಾಕಿಟಾಕಿಯಲ್ಲಿ ಅಂಕೆ ಹೇಳುವುದು. ಅದೇ ಚಾನೆಲ್ಲಿನಲ್ಲಿ ಮೂರನೆಯ ಕಿವಿ, ಪಂಪ್ ಹೌಸಿನ ಉಸ್ತುವಾರಿ ಅಕ್ಕನದು.

"ಪಿಸುಮಾತಮ್ಮಾ, ಸ್ವಲ್ಪ ಗಟ್ಟಿಯಾಗಿ! ಮೀಟರಣ್ಣ ಅಲ್ಲಿ ಒತ್ತೀ ಒತ್ತೀ ಸೊರಗಿಹೋದ."

ಎಲ್ಲರಿಗೂ ಅವನು ಮೀಟರಣ್ಣ. ನನಗೆ 'ಅಣ್ಣ' ಬಾಯಿಗೇ ಬರಲಿಲ್ಲ. ಬರೀ 'ಮೀಟರ್' ಅಂದರೆ ಮರ್ಯಾದೆ ಅಲ್ಲ. ಹಾಗಾಗಿ 'ಹಲೋ' ಅನ್ನುತ್ತಿದ್ದೆ. ಅವನೂ 'ಹಲೋ' ಅನ್ನುತ್ತಿದ್ದ, ಸ್ವಲ್ಪ ಎಳೆದು. ಆ ಎಳೆತದಲ್ಲೇ ನನ್ನ ಮಧ್ಯಾಹ್ನಗಳು ಕಳೆದವು.

ಸೆನ್ಸರ್‌ಗಳು ಒಂದಾದ ಮೇಲೊಂದು ಪಾಸಾದವು. ಕೊನೆಯದೂ ಪಾಸಾದರೆ ಅವನು ಸಂಜೆಯೇ ಬೇರೆ ಊರಿನ ಕೆಲಸಕ್ಕೆ ಹೊರಡುತ್ತಾನೆ ಎಂದು ಅಕ್ಕ ಹೇಳಿದಳು. ಆ ಬೆಳಿಗ್ಗೆ ನಾನೊಂದು ಕಿತಾಪತಿ ಮಾಡಿದೆ. ಕಳೆಯಬೇಕಾದ ನಾಲ್ಕರ ಜಾಗದಲ್ಲಿ 3.84 ಬರೆದೆ. ಈಗ ಪೈಪು ಖಾಲಿಯಿದ್ದರೂ ಸ್ಕ್ರೀನ್ 0.1 ತೋರಿಸಬೇಕು. ನಮ್ಮ ಸ್ಕ್ರೀನಿನಲ್ಲಿ ಕಾಣಿಸುವ ಅತಿ ಸಣ್ಣ ತಪ್ಪು ಅದೇ. ಫೇಲಾಗಲು ಅಷ್ಟು ಸಾಕು. ಅವನು ತಲೆ ಕೆರೆದುಕೊಳ್ಳುತ್ತಾ ಇನ್ನೊಂದೆರಡು ದಿನ ಇಲ್ಲೇ ಇರುತ್ತಾನೆ. ನೀರು ಬಿಡುವುದು ಹೇಗೂ ಮುಂದಿನ ವಾರ, ಅಷ್ಟರಲ್ಲಿ ಸರಿಮಾಡಿದರಾಯಿತು.

"ಹಲೋ. ಈಗ ಒತ್ತಡ ಇಲ್ಲ. ಎಷ್ಟು ಬಂತು?"

ಸ್ಕ್ರೀನ್ ನೋಡಿದೆ. 0.0.

"ಸೊನ್ನೆ" ಅಂದೆ, ದಂಗಾಗಿ.

"ಸೊನ್ನೆನಾ? ಮುಂದೆ ಮೈನಸ್ ಏನಾದ್ರೂ ಇದೆಯಾ ನೋಡಿ."

"ಇಲ್ಲ."

"ಇರ್ಬೇಕಲ್ಲ!"

ಐದು ಬಾರ್ ಒತ್ತಿದ. ಐದೇ ಬಂತು.

"ಅಯ್ಯೋ" ಅಂದೆವು ಇಬ್ಬರೂ, ಒಬ್ಬರ ಹಿಂದೆ ಒಬ್ಬರು.

"ಸರಿ ಬಂದಿದ್ದಕ್ಕೆ ಅಯ್ಯೋ ಅಂತಾರೇನ್ರೋ?" ಅಕ್ಕ ಗದರಿದಳು. "ಪಾಸು! ಮೀಟರಣ್ಣ, ಗಂಟುಮೂಟೆ ಕಟ್ಟು."

ಸುಮ್ಮನಿದ್ದರೆ ನನ್ನ ಕಿತಾಪತಿ ಯಾರಿಗೂ ತಿಳಿಯುವುದಿಲ್ಲ. ಸುಮ್ಮನಿದ್ದರೆ ಅವನು ಹೋಗಿಯೂ ಬಿಡುತ್ತಾನೆ. ಬಟನ್ ಒತ್ತಿದೆ.

"ಪಾಸ್ ಮಾಡ್ಬೇಡಿ ಅಕ್ಕಾ. ಅದು ಸರಿ ಬರಬಾರದಿತ್ತು. ನಾನೇ ಲೆಕ್ಕ ಕೆಡಿಸಿಟ್ಟಿದ್ದೆ. ಇದು ಕೊನೇ ಸೆನ್ಸರ್ ಅಲ್ವಾ... ಅದಕ್ಕೆ."

ಆ ಚಾನೆಲ್ಲಿನಲ್ಲಿ ನಾನಾಡಿದ ಅತಿ ಉದ್ದದ ಮಾತು ಅದು.

ಉತ್ತರ ವಾಕಿಟಾಕಿಯಲ್ಲಿ ಬರಲಿಲ್ಲ. ಮೆಟ್ಟಿಲು ದಡದಡ ಸದ್ದು ಮಾಡಿತು. ಏದುಸಿರು ಬಿಡುತ್ತಾ ಬಂದವನು ನನ್ನ ಮುಖವನ್ನೂ ನೋಡದೆ ಪ್ಯಾನೆಲ್ಲಿನ ಬಾಗಿಲು ತೆಗೆದು, ಸೆನ್ಸರಿನ ವೈರಿಗೆ ಮೀಟರ್ ಸೇರಿಸಿದ. 3.84.

"ಒತ್ತಡ ಬಿಟ್ಟು ಬಂದಿದೀನಿ. ಇದು ನಾಲ್ಕು ಇರ್ಬೇಕು" ಅಂದ.

"ಕೆಟ್ಟಿದೆಯಾ?"

"ಕೆಡಿಸಿದ್ದು." ಕಿವಿಯ ತುದಿ ಕೆಂಪಗಾಗಿತ್ತು. "ನಿಮ್ಮ ಸ್ಕ್ರೀನಲ್ಲಿ ಕಾಣೋ ಅಷ್ಟೇ, 0.1 ಕಮ್ಮಿ ತೋರಿಸೋ ಹಾಗೆ. ಫೇಲಾದ್ರೆ ಇನ್ನೊಂದೆರಡು ದಿನ ಇಲ್ಲೇ ಇರಬಹುದು ಅಂತ."

ನಾನು ಕೂಡಿಸಿದಷ್ಟನ್ನೇ ಅವನು ಕಳೆದಿದ್ದ. ಇಬ್ಬರ ಕಳ್ಳತನವೂ ಸೇರಿ ಅಪ್ಪಟ ಸತ್ಯವಾಗಿ ಹೊರಬಂದಿತ್ತು. ಬಾಯಿ ಮುಚ್ಚಿ ನಗುವ ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಆಗ ಕಣ್ಣಿಗೆ ಬಿತ್ತು: ನನ್ನ ಹೆಬ್ಬೆರಳು ಇನ್ನೂ ವಾಕಿಟಾಕಿಯ ಬಟನ್ ಮೇಲೇ ಇದೆ.

ಬಿಟ್ಟ ಕೂಡಲೇ ಅಕ್ಕನ ಧ್ವನಿ ಸಿಡಿಯಿತು. "ಅಂತೂ ಬಿಟ್ಟೆಯಲ್ಲ! ಎಲ್ಲಾ ಕೇಳಿಸ್ತು. ಮೊದಲು ಎರಡೂ ಕಡೆ ಸರಿಮಾಡಿ. ಆಮೇಲೆ ಏನು ಬೇಕಾದ್ರೂ ಮಾತಾಡ್ಕೊಳ್ಳಿ, ನನ್ನ ಚಾನೆಲ್ ಬಿಟ್ಟು!"

ಸರಿಮಾಡಿದೆವು. ಮತ್ತೆ ಸೊನ್ನೆ ಬಂತು. ಈ ಸಲ ಬರಬೇಕಾದ ಸೊನ್ನೆ.

ಅವನು ಮೀಟರಿನ ವೈರು ಸುತ್ತತೊಡಗಿದ. ಸುತ್ತಿದ್ದನ್ನು ಬಿಚ್ಚಿ ಮತ್ತೆ ಸುತ್ತಿದ. "ಮುಂದಿನ ಊರು ಬಸ್ಸಲ್ಲಿ ಒಂದು ಗಂಟೆ ದಾರಿ, ಅಷ್ಟೆ. ಭಾನುವಾರ ಬಂದ್ರೆ... ಸಿಗ್ತೀರಾ?"

ಎಂದಿನಂತೆ ತುಟಿ ಮಾತ್ರ ಆಡಿತು. ಅವನು ಓರೆಗಣ್ಣಿನಲ್ಲಿ ನೋಡಿ, ಮೆಲ್ಲಗೆ ಕೇಳಿದ:

"ಹಲೋ... ಸೊನ್ನೆನಾ, ನಾಲ್ಕಾ?"

"ಇಪ್ಪತ್ತು" ಅಂದೆ.

ಈ ಸಲ ತುಟಿಯಷ್ಟೇ ಅಲ್ಲ, ಧ್ವನಿಯೂ ಬಂತು.